9 ಗಜ ದೂರ, 16 ಅಂಕ ಹಿಂದೆ: ನೋಟರ್ ಡೇಮ್ ಕೋಚ್ ಕಿಕ್ ಮಾಡಿಸಿದ್ದು ಯಾಕೆ?

ಚೆಂಡು ಎಡಗಡೆಯ ಕಂಬಕ್ಕೆ ಬಡಿಯಿತು. ಬಡಿದು ಆಚೆ ಹೋಯಿತು. ಒಳಗೆ ಬಿದ್ದಿದ್ದರೆ ಮೂರು ಅಂಕ. ಬೀಳಲಿಲ್ಲ, ಸೊನ್ನೆ.

ಇದು ಜನವರಿ 20, 2025ರ ರಾತ್ರಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದದ್ದು. ಭಾರತದಲ್ಲಿ ಆಗ ಮಂಗಳವಾರ ಬೆಳಿಗ್ಗೆ. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಒಹಾಯೋ ಸ್ಟೇಟ್ 31, ನೋಟರ್ ಡೇಮ್ 15. ಆಟ ಮುಗಿಯಲು 9 ನಿಮಿಷ 27 ಸೆಕೆಂಡ್ ಬಾಕಿ. ನೋಟರ್ ಡೇಮ್ ತಂಡ ಎದುರಾಳಿಯ ಗೆರೆಗೆ ಬರೀ 9 ಗಜ ದೂರದಲ್ಲಿ ನಿಂತಿತ್ತು. ಒಂದೇ ಒಂದು ಪ್ರಯತ್ನ ಉಳಿದಿತ್ತು. ಅದನ್ನು ಟಚ್‌ಡೌನ್‌ಗೆ ಬಳಸುವುದೋ, ಮೂರು ಅಂಕದ ಕಿಕ್‌ಗೆ ಬಳಸುವುದೋ? ಕೋಚ್ ಮಾರ್ಕಸ್ ಫ್ರೀಮನ್ ಕಿಕ್ ಎಂದರು.

16 ಅಂಕ ಹಿಂದೆ ಇರುವ ತಂಡ ಮೂರೇ ಅಂಕಕ್ಕೆ ಕೈಚಾಚಿದ್ದು ಯಾಕೆ ಅನ್ನೋದು ಅವತ್ತು ಶುರುವಾದ ವಾದ. ಈಗಲೂ ಯಾವುದೇ ಕೋಚ್ ನಾಲ್ಕನೇ ಡೌನ್‌ನಲ್ಲಿ ಕಿಕ್ ಮಾಡಿಸಿದರೆ ಅಭಿಮಾನಿಗಳು ಈ ಉದಾಹರಣೆಯನ್ನು ಎಳೆದು ತರುತ್ತಾರೆ. ಒಬ್ಬರಿಗೆ ಅದು ಹೇಡಿತನ, ಇನ್ನೊಬ್ಬರಿಗೆ ಶುದ್ಧ ಲೆಕ್ಕಾಚಾರ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ವಾದ ಪೂರ್ತಿ ಅರ್ಥವಾಗಬೇಕಾದರೆ ಮೊದಲು ಆಟದ ಕೆಲವು ನಿಯಮ ಗೊತ್ತಿರಬೇಕು.

ನಾಲ್ಕು ಪ್ರಯತ್ನ, ಹತ್ತು ಗಜ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಜಾಸ್ತಿ ಹೊತ್ತು ಕೈಯಲ್ಲೇ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಪ್ರಯತ್ನ. ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಅದೇ ಜಾಗದಲ್ಲಿ ಎದುರಾಳಿಯ ಪಾಲು.

ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದರ ಮೇಲೆ ಒಂದು ಬೋನಸ್ ಅವಕಾಶವೂ ಉಂಟು. ಹತ್ತಿರದಿಂದ ಕಂಬಗಳ ನಡುವೆ ಕಿಕ್ ಮಾಡಿದರೆ 1 ಅಂಕ. ಇದು ಬಹುತೇಕ ಗ್ಯಾರಂಟಿ. ಇಲ್ಲವೇ 3 ಗಜದಿಂದ ಮತ್ತೊಮ್ಮೆ ಗೆರೆ ದಾಟಿ ತೋರಿಸಿದರೆ 2 ಅಂಕ. ಇದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಕಾಲೇಜು ಆಟದಲ್ಲಿ ಈ ಎರಡು ಅಂಕದ ಅವಕಾಶ 1958ರಿಂದ ಇದೆ.

ಟಚ್‌ಡೌನ್ ಆಗುವ ಹಾಗಿಲ್ಲ ಅನಿಸಿದರೆ ಇದ್ದ ಜಾಗದಿಂದಲೇ ಕಂಬಗಳ ನಡುವೆ ಕಿಕ್ ಮಾಡಬಹುದು. ಅದು ಫೀಲ್ಡ್ ಗೋಲ್, 3 ಅಂಕ.

ಹಾಗಾಗಿ ಮೊದಲ ಮೂರು ಡೌನ್‌ನಲ್ಲಿ ಆಟಗಾರರು ಆಡುತ್ತಾರೆ, ನಾಲ್ಕನೆಯದಕ್ಕೆ ಕೋಚ್ ಉತ್ತರ ಹೇಳಬೇಕು. ಚೆನ್ನಾಗಿ ನಡೆದರೆ ಆಟಗಾರರಿಗೆ ಚಪ್ಪಾಳೆ. ಕೆಟ್ಟರೆ ಕೋಚ್ ಹೆಸರು ಎಲ್ಲರ ಬಾಯಲ್ಲೂ.

16ಕ್ಕೂ 13ಕ್ಕೂ ಇರುವ ವ್ಯತ್ಯಾಸ

ಪಂದ್ಯ ಮುಗಿದ ಮೇಲೆ ಫ್ರೀಮನ್ ತಮ್ಮ ಕಾರಣ ಹೇಳಿದರು. 16 ಅಂಕ ಹಿಂದೆ ಇರುವುದಕ್ಕಿಂತ 13 ಹಿಂದೆ ಇರುವುದು ಮೇಲು. ಎರಡು ಕಡೆಯೂ ಎರಡು ಟಚ್‌ಡೌನ್ ಬೇಕೇ ಬೇಕು, ನಿಜ. ಆದರೆ 16 ಗಳಿಸುವುದಕ್ಕಿಂತ 14 ಗಳಿಸುವುದು ಸುಲಭ. ಅವರ ಮಾತಿನ ಸಾರ ಇಷ್ಟೇ.

ಇದನ್ನು ಬಿಡಿಸಿ ನೋಡೋಣ. ಕಿಕ್ ಒಳಗೆ ಹೋಗಿದ್ದರೆ 31-18. ಆಮೇಲೆ ಎರಡು ಟಚ್‌ಡೌನ್, ಎರಡು ಸುಲಭದ ಕಿಕ್. ಒಟ್ಟು 14 ಅಂಕ. 32-31. ಒಂದು ಅಂಕದಿಂದ ಗೆಲುವು, ಹೆಚ್ಚುವರಿ ಸಮಯದ ಗೊಡವೆಯೇ ಇಲ್ಲ.

ಆ ಮೂರು ಅಂಕ ಇಲ್ಲದೆ ಎರಡು ಟಚ್‌ಡೌನ್ ಹೊಡೆದರೆ? ಎರಡಕ್ಕೂ ಎರಡು ಅಂಕದ ಬೋನಸ್ ಗಳಿಸಲೇಬೇಕು. ನಾಣ್ಯ ಎರಡು ಸಲ ಚಿಮ್ಮಿ ಎರಡೂ ಸಲ ತಲೆ ಬೀಳಬೇಕು ಅನ್ನುವ ಹಾಗೆ. ನಾಲ್ಕರಲ್ಲಿ ಒಂದು ಸಾಧ್ಯತೆ. ಅಷ್ಟಾದರೂ ಸಿಗುವುದು 31-31, ಅಂದರೆ ಸಮ. ಅಲ್ಲಿಂದ ಹೆಚ್ಚುವರಿ ಸಮಯ, ಅಲ್ಲಿ ಇನ್ನೊಂದು ನಾಣ್ಯ. ಎಂಟರಲ್ಲಿ ಒಂದು.

ಈ ಜಾಗದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡು ಟಚ್‌ಡೌನ್ ಬಂದೇ ಬರುತ್ತದೆ ಎಂದುಕೊಂಡರೆ, ಆ ಮೂರು ಅಂಕ ಎಂಟರಲ್ಲಿ ಒಂದು ಇದ್ದ ಗೆಲುವನ್ನು ಬಹುತೇಕ ಖಚಿತ ಗೆಲುವು ಮಾಡಿಬಿಡುತ್ತದೆ. "ಬರೀ ಮೂರು ಅಂಕ" ಎಂದು ತಳ್ಳಿಹಾಕುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ದೂರದ ವಿಷಯವೂ ಇದೆ. 9 ಗಜ ಅಂದರೆ ಕಡಿಮೆ ಅನಿಸುತ್ತದೆ. ಆದರೆ ಗೆರೆ ಹತ್ತಿರವಾದಷ್ಟೂ ಆಡಲು ಜಾಗ ಕಿರಿದಾಗುತ್ತದೆ. ಮೈದಾನದ ನಡುವೆ ಇದ್ದರೆ ಕೆಲವು ಆಟಗಾರರು ದೂರ ಓಡಿ ರಕ್ಷಣೆಯವರನ್ನು ಹಿಂದಕ್ಕೆ ಎಳೆದೊಯ್ಯುತ್ತಾರೆ. ಇಲ್ಲಿ ಎಳೆದೊಯ್ಯಲು ಹಿಂದೆ ಜಾಗವೇ ಇಲ್ಲ. ಹನ್ನೊಂದು ಜನ ರಕ್ಷಕರು ಒಂದು ಸಣ್ಣ ಚೌಕದಲ್ಲಿ ಒತ್ತಿ ನಿಂತಿರುತ್ತಾರೆ. 2 ಗಜ ಆಗಿದ್ದರೆ ನುಗ್ಗಬಹುದು. 9 ಗಜಕ್ಕೆ ಎಸೆಯಲೇಬೇಕು, ಅದು ಅವರಿಗೂ ಗೊತ್ತು.

ಇನ್ನೊಂದು ಮಾತು. ಫ್ರೀಮನ್ ಹೆದರುಪುಕ್ಕಲ ಅನ್ನುವ ಆರೋಪ ಅದೇ ಪಂದ್ಯದ ಮುಂದೆ ನಿಲ್ಲುವುದಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಅವರ ತಂಡ ತನ್ನ ಅರ್ಧದಲ್ಲೇ ಇದ್ದಾಗ ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಮಾಡುವಂತೆ ನಟಿಸಿ ಪಾಸ್ ಎಸೆಯಿತು. ಕೈಗೂಡಲಿಲ್ಲ. ಆ ಜಾಗದಿಂದಲೇ ಒಹಾಯೋ ಸ್ಟೇಟ್ ಮೂರು ಅಂಕ ಗಳಿಸಿ 31-7ಕ್ಕೆ ಹೋಯಿತು. ಅಷ್ಟು ದೊಡ್ಡ ಜೂಜು ಆಡಿದ ಮನುಷ್ಯನೇ ಮುಂದಿನ ಕ್ವಾರ್ಟರ್‌ನಲ್ಲಿ ಕಿಕ್ ಮಾಡಿಸಿದ್ದು. ಗುಣ ಬದಲಾಗಿರಲಿಲ್ಲ, ಮುಂದಿದ್ದ ಲೆಕ್ಕ ಬೇರೆ ಇತ್ತು.

ಅಂಕ ಅಲ್ಲ, ಸರದಿ ಎಣಿಸಿ

ಟೀಕಿಸುವವರ ವಾದವೂ ಗಟ್ಟಿಯೇ. ಅವರು ಹೇಳುವುದು ಹೀಗೆ: ಕೊನೆಯ ಹತ್ತು ನಿಮಿಷದಲ್ಲಿ ಎಲ್ಲಕ್ಕಿಂತ ಅಪರೂಪದ ವಸ್ತು ಅಂಕ ಅಲ್ಲ, ಸರದಿ. ಅಂದರೆ ಚೆಂಡು ನಿಮ್ಮ ಕೈಗೆ ಇನ್ನು ಎಷ್ಟು ಸಲ ಬರುತ್ತದೆ ಎನ್ನುವುದು.

ಕ್ರಿಕೆಟ್‌ನಲ್ಲಿ ಕೊನೆಯ ಓವರ್‌ಗಳಲ್ಲಿ ಎಷ್ಟು ಚೆಂಡು ಉಳಿದಿದೆ ಅನ್ನೋದು ಬೋರ್ಡ್ ಮೇಲೇ ಇರುತ್ತದೆ. ಇಲ್ಲಿ ಹಾಗಿಲ್ಲ. ಎಷ್ಟು ಸರದಿ ಉಳಿದಿದೆ ಅನ್ನೋದನ್ನು ಎದುರಾಳಿ ತೀರ್ಮಾನಿಸುತ್ತಾನೆ. ಮುಂದಿರುವ ತಂಡ ಒಂದೊಂದು ಡೌನ್‌ಗೂ ನಲವತ್ತು ಸೆಕೆಂಡ್‌ವರೆಗೆ ಎಳೆಯಬಹುದು. ಹತ್ತು ಗಜ, ಮತ್ತೆ ಹತ್ತು ಗಜ ಎಂದು ನಿಧಾನವಾಗಿ ಸಾಗಿದರೆ ನಾಲ್ಕೈದು ನಿಮಿಷ ಕಣ್ಣ ಮುಂದೆಯೇ ಕರಗಿಹೋಗುತ್ತದೆ.

2023ರಲ್ಲಿ ಬಂದ ಒಂದು ನಿಯಮ ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಅದಕ್ಕೂ ಮುಂಚೆ ಕಾಲೇಜು ಆಟದಲ್ಲಿ ತಂಡವೊಂದು ಹೊಸ ನಾಲ್ಕು ಡೌನ್ ಗಳಿಸಿದಾಗಲೆಲ್ಲ ಗಡಿಯಾರ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಹಿಂದೆ ಬಿದ್ದವರಿಗೆ ಅದೊಂದು ಉಸಿರು. ಈಗ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟರೆ ಗಡಿಯಾರ ಓಡುತ್ತಲೇ ಇರುತ್ತದೆ. ಇದರಿಂದ ಸರದಿ ಕಮ್ಮಿ ಆಗುತ್ತವೆ. ಸರದಿ ಕಮ್ಮಿ ಆದಷ್ಟೂ ಮೂರು ಅಂಕಕ್ಕೆ ಒಂದು ಸರದಿ ಖರ್ಚು ಮಾಡುವುದು ದುಬಾರಿ ಆಗುತ್ತದೆ. ಹಳೇ ಕಾಲದ ಎಚ್ಚರಿಕೆ ಇವತ್ತಿಗೆ ಹೊಂದುವುದಿಲ್ಲ ಅನ್ನುವವರ ಮಾತಿನಲ್ಲಿ ಈ ಕಾರಣಕ್ಕೇ ತಿರುಳಿದೆ.

ಅಟ್ಲಾಂಟಾದಲ್ಲಿ ನಿಜವಾಗಿ ಏನಾಯಿತು ನೋಡಿ. ಕಿಕ್ ತಪ್ಪಿದಾಗ 9:27 ಬಾಕಿ. ಒಹಾಯೋ ಸ್ಟೇಟ್ ಸ್ವಲ್ಪ ಆಡಿತು, ನೋಟರ್ ಡೇಮ್‌ಗೆ ಚೆಂಡು ವಾಪಸ್ ಬಂತು. ಜೇಡನ್ ಗ್ರೇಟ್‌ಹೌಸ್ 30 ಗಜದ ಪಾಸ್ ಹಿಡಿದು ಟಚ್‌ಡೌನ್ ಹೊಡೆದ. ಎರಡು ಅಂಕದ ಬೋನಸ್ ಕೂಡ ಸಿಕ್ಕಿತು. 31-23. ಆಗ ಗಡಿಯಾರದಲ್ಲಿ 4:15. ಆಮೇಲೆ ಒಹಾಯೋ ಸ್ಟೇಟ್ ಚೆಂಡು ಹಿಡಿದುಕೊಂಡು ಅದನ್ನು ಬಿಟ್ಟುಕೊಟ್ಟಿದ್ದು ಬರೀ 26 ಸೆಕೆಂಡ್ ಉಳಿದಾಗ, ಅದೂ ಒಂದು ಫೀಲ್ಡ್ ಗೋಲ್ ಹೊಡೆದ ಮೇಲೆ. 34-23. ಮುಗಿಯಿತು.

ಅಂದರೆ ಆ ಕಿಕ್ ಆದ ಮೇಲೆ ನೋಟರ್ ಡೇಮ್‌ಗೆ ಸರಿಯಾಗಿ ಸಿಕ್ಕಿದ್ದು ಒಂದೇ ಸರದಿ.

ಸುಮ್ನೆ ಒಂದು ಲೆಕ್ಕ ಹಾಕಿದರೆ

ಎರಡೂ ಪಾಳಯಗಳು ತಮಗೆ ಬೇಕಾದ ಅರ್ಧವನ್ನಷ್ಟೇ ಹೇಳುತ್ತವೆ. ಪೂರ್ತಿ ಲೆಕ್ಕವನ್ನು ಅಂದಾಜಿಗೆ ಮಾಡಿ ನೋಡೋಣ. ಕೆಳಗಿನ ಸಂಖ್ಯೆಗಳು ವಾದಕ್ಕಾಗಿ ಇಟ್ಟುಕೊಂಡವು. ನಿಮಗೆ ಬೇರೆ ಸರಿ ಅನಿಸಿದರೆ ಬದಲಿಸಿ ನೋಡಬಹುದು.

ಎದುರಾಳಿಯನ್ನು ತಡೆಯುವ ಸಾಧ್ಯತೆ ಎರಡರಲ್ಲಿ ಒಂದು. ಸಿಕ್ಕ ಸರದಿಯಲ್ಲಿ ಟಚ್‌ಡೌನ್ ಹೊಡೆಯುವ ಸಾಧ್ಯತೆ ಮೂರರಲ್ಲಿ ಒಂದು. ಇನ್ನೂ ಎರಡು ಸರದಿ ಸಿಗುತ್ತವೆ ಎಂದುಕೊಳ್ಳಿ.

ಕಿಕ್ ಒಳಗೆ ಹೋದರೆ ಮುಂದೆ ಏನಾಗಬೇಕು? ತಡೆಯಬೇಕು, ಹೊಡೆಯಬೇಕು. ಮತ್ತೆ ತಡೆಯಬೇಕು, ಮತ್ತೆ ಹೊಡೆಯಬೇಕು. ತಡೆದು ಹೊಡೆಯುವುದು ಆರರಲ್ಲಿ ಒಂದು. ಅದೇ ಎರಡು ಸಲ ಅಂದರೆ ಮೂವತ್ತಾರರಲ್ಲಿ ಒಂದು. ನೂರಕ್ಕೆ ಮೂರರ ಆಸುಪಾಸು.

ಟಚ್‌ಡೌನ್‌ಗೆ ಹೋದರೆ? 9 ಗಜದಿಂದ ಗೆರೆ ದಾಟುವುದು ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಎರಡು ಅಂಕದ ಬೋನಸ್ ಸಿಕ್ಕರೆ 8 ಅಂಕ ಹಿಂದೆ. ಸಿಗದಿದ್ದರೆ 10 ಹಿಂದೆ, ಆಗ ಮತ್ತೆ ಎರಡು ಸಲ ಅಂಕ ಗಳಿಸಬೇಕು. 8 ಹಿಂದೆ ಇದ್ದರೂ ತಡೆಯಬೇಕು, ಟಚ್‌ಡೌನ್ ಬೇಕು, ಮತ್ತೆ ಎರಡು ಅಂಕದ ಬೋನಸ್ ಬೇಕು, ಅದರ ಮೇಲೆ ಹೆಚ್ಚುವರಿ ಸಮಯದಲ್ಲೂ ಗೆಲ್ಲಬೇಕು. ಇವೆಲ್ಲವನ್ನೂ ಗುಣಿಸಿ, ಬೇರೆ ಸಣ್ಣಪುಟ್ಟ ದಾರಿಗಳನ್ನು ಸೇರಿಸಿದರೂ ನೂರಕ್ಕೆ ಎರಡು ದಾಟುವುದು ಕಷ್ಟ.

ಹಾಗಾದರೆ ಎರಡೂ ಓಣಿ ಕಿರಿದು. ಕಿಕ್‌ನ ಓಣಿ ಚೂರು ಅಗಲ, ಅಷ್ಟೇ.

ಆದರೆ ಸಂಖ್ಯೆ ಒಂದನ್ನು ಬದಲಾಯಿಸಿ. ಇನ್ನು ಎರಡಲ್ಲ, ಒಂದೇ ಸರದಿ ಸಿಗುತ್ತದೆ ಎಂದುಕೊಳ್ಳಿ. ತಕ್ಷಣ ಎಲ್ಲ ತಲೆಕೆಳಗಾಗುತ್ತದೆ. 13 ಅಂಕ ಹಿಂದೆ ಇರುವವರು ಒಂದು ಸರದಿಯಲ್ಲಿ ಏನು ಮಾಡಿದರೂ ಗೆಲ್ಲುವುದಿಲ್ಲ. ಒಂದು ಟಚ್‌ಡೌನ್, ಬೋನಸ್ ಸೇರಿ ಹೆಚ್ಚೆಂದರೆ 8. ಕಿಕ್‌ನ ದಾರಿ ಸೊನ್ನೆ ಆಗುತ್ತದೆ. ಟಚ್‌ಡೌನ್‌ನ ದಾರಿ ಮಾತ್ರ ಸಣ್ಣದಾಗಿ ಜೀವಂತ ಇರುತ್ತದೆ.

ಇಡೀ ಜಗಳದ ಗಂಟು ಇಲ್ಲಿದೆ. ಧೈರ್ಯ, ಹೇಡಿತನ ಎಂಬ ಮಾತುಗಳು ಇದನ್ನು ಮುಚ್ಚಿಬಿಡುತ್ತವೆ. ಫ್ರೀಮನ್ ಇನ್ನೂ ಎರಡು ಸರದಿ ಸಿಗುತ್ತವೆ ಎಂದು ನಂಬಿದರು. ಅಂದರೆ ತಮ್ಮ ರಕ್ಷಣೆ ಒಹಾಯೋ ಸ್ಟೇಟನ್ನು ಎರಡು ಸಲ ತಡೆಯುತ್ತದೆ ಎಂದು ನಂಬಿದರು. ನೋಡುವವರಿಗೆ ಅದು ಎಚ್ಚರಿಕೆಯ ತೀರ್ಮಾನ. ನಿಜದಲ್ಲಿ ಅದು ರಕ್ಷಣೆಯ ಮೇಲೆ ಕಟ್ಟಿದ ಪಣ. ಆ ರಾತ್ರಿ ಒಹಾಯೋ ಸ್ಟೇಟ್ ತನ್ನ ಮೊದಲ ನಾಲ್ಕು ಸರದಿಯಲ್ಲೂ ಟಚ್‌ಡೌನ್ ಹೊಡೆದಿತ್ತು. ಹಾಗಿದ್ದೂ ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಆ ಓಟ ನಿಂತಿತ್ತು, ಎಮೆಕಾ ಎಗ್‌ಬುಕಾ ಕೈಯಿಂದ ಚೆಂಡು ಜಾರಿ ನೋಟರ್ ಡೇಮ್‌ಗೆ ಸಿಕ್ಕಿತ್ತು. ಆ ಘಳಿಗೆಯಲ್ಲಿ ನಂಬಿಕೆಗೆ ಆಧಾರ ಇರಲಿಲ್ಲ ಎನ್ನಲಾಗದು.

ನನ್ನ ತೂಕ ಫ್ರೀಮನ್ ಕಡೆಗೆ ಸ್ವಲ್ಪ ವಾಲುತ್ತದೆ, ಅದಕ್ಕೆ ಕಾರಣ ಆ 9 ಗಜ. ಅದೇ ನಿರ್ಧಾರ 3 ಗಜದಿಂದ ಬಂದಿದ್ದರೆ ಸಮರ್ಥಿಸುವುದು ಕಷ್ಟವಿತ್ತು. ಇನ್ನೊಂದು ಅಂಶ ಟೀಕಿಸುವವರ ಪರವಾಗಿದೆ, ಅದನ್ನೂ ಹೇಳಬೇಕು. ಟಚ್‌ಡೌನ್‌ಗೆ ಹೋಗಿ ಸೋತಿದ್ದರೆ ಒಹಾಯೋ ಸ್ಟೇಟ್ ತನ್ನದೇ 9 ಗಜದ ಗೆರೆಯಿಂದ ಶುರು ಮಾಡಬೇಕಿತ್ತು, ಬೆನ್ನು ಗೋಡೆಗೆ ಒತ್ತಿದ ಹಾಗೆ. ಅಷ್ಟು ಹತ್ತಿರದಿಂದ ಕಿಕ್ ತಪ್ಪಿದರೆ ಕಾಲೇಜು ನಿಯಮದಂತೆ ಚೆಂಡು 20 ಗಜದ ಗೆರೆಗೆ ಬರುತ್ತದೆ. ಕಂಬಕ್ಕೆ ಬಡಿದ ಆ ಚೆಂಡು ಮೂರು ಅಂಕದ ಜೊತೆ ಹನ್ನೊಂದು ಗಜವನ್ನೂ ತೆಗೆದುಕೊಂಡು ಹೋಯಿತು.

ಕಂಬಕ್ಕೆ ಬಡಿಯದಿದ್ದರೆ?

ಕಿಕ್ ಮಾಡಿದವನು ಮಿಚ್ ಜೀಟರ್. ಬರೀ ಹನ್ನೊಂದು ದಿನ ಮುಂಚೆ, ಜನವರಿ 9ರ ಸೆಮಿಫೈನಲ್‌ನಲ್ಲಿ, ಪೆನ್ ಸ್ಟೇಟ್ ವಿರುದ್ಧ 7 ಸೆಕೆಂಡ್ ಉಳಿದಾಗ 41 ಗಜದ ಕಿಕ್ ಹೊಡೆದು 27-24ರಲ್ಲಿ ತಂಡವನ್ನು ಗೆಲ್ಲಿಸಿದ್ದ. ಫೈನಲ್‌ಗೆ ದಾರಿ ಮಾಡಿಕೊಟ್ಟಿದ್ದೇ ಅವನ ಕಾಲು. ಕಂಬಗಳು ಗೆರೆಯ ಹಿಂದೆ ಇರುತ್ತವೆ, ಕಿಕ್ ಮಾಡುವುದೂ ಕೆಲವು ಗಜ ಹಿಂದಿನಿಂದ, ಹಾಗಾಗಿ 9 ಗಜ ಕಿಕ್‌ಗೆ 27 ಆಗುತ್ತದೆ. ಅಂಥವನಿಗೆ 27 ಗಜ ಅಂದರೆ ದಿನನಿತ್ಯದ ಅಭ್ಯಾಸ. ಆ ಕಿಕ್ ಮೇಲೆ ಭರವಸೆ ಇಟ್ಟಿದ್ದು ತಪ್ಪು ಎಂದು ಯಾರೂ ಹೇಳಲಾರರು.

ಆದರೂ ನಿರ್ಧಾರಕ್ಕೆ ಬಂದ ಬೈಗುಳದಲ್ಲಿ ದೊಡ್ಡ ಪಾಲು ಆ ಕಂಬದ್ದು. ಚೆಂಡು ಒಂದು ಗೇಣು ಬಲಕ್ಕೆ ಹೋಗಿ 31-18 ಆಗಿದ್ದರೆ, ಮುಂದಿನ ಟಚ್‌ಡೌನ್ ಅಂತರವನ್ನು ಒಂದೇ ಹೊಡೆತದಲ್ಲಿ ದಾಟುವ ಮಟ್ಟಕ್ಕೆ ಇಳಿಸುತ್ತಿತ್ತು. ಆಗ ಒಂದು ಟಚ್‌ಡೌನ್ ಮತ್ತು ಒಂದು ಸುಲಭದ ಕಿಕ್ ಸೇರಿದರೆ ಗೆಲುವೇ. ಅದೇ ಜನ ಅದನ್ನು ಜಾಣತನ ಎನ್ನುತ್ತಿದ್ದರು. ಗೆದ್ದೆತ್ತಿನ ಬಾಲ ಹಿಡಿಯುವುದು ಎಲ್ಲ ಊರಲ್ಲೂ ಇದೆ ಅಲ್ವಾ? ನಿರ್ಧಾರ ಸರಿಯೋ ತಪ್ಪೋ ಅನ್ನೋದು ಚೆಂಡು ಕಾಲಿಗೆ ತಾಗುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಕಂಬ ತೀರ್ಮಾನಿಸುವುದು ಫಲಿತಾಂಶವನ್ನು ಮಾತ್ರ.

ಇದೇ ಕಾಲೇಜು, 1966

ನೋಟರ್ ಡೇಮ್ ಅಭಿಮಾನಿಗಳಿಗೆ ಈ ವಾದ ಹೊಸದಲ್ಲ. ಅಜ್ಜಂದಿರ ಕಾಲದಿಂದ ಮನೆಯಲ್ಲಿ ಕೇಳಿಕೊಂಡು ಬಂದದ್ದು.

ನವೆಂಬರ್ 19, 1966. ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್. ದೇಶದ ನಂಬರ್ ಒನ್ ನೋಟರ್ ಡೇಮ್, ನಂಬರ್ ಟೂ ಮಿಷಿಗನ್ ಸ್ಟೇಟ್. ನೋಟರ್ ಡೇಮ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಟೆರ್ರಿ ಹ್ಯಾನ್‌ರಾಟಿ ಭುಜಕ್ಕೆ ಪೆಟ್ಟು ಬಿದ್ದು ಹೊರಗೆ ಹೋದ. ಓಟಗಾರ ನಿಕ್ ಎಡ್ಡಿ ಪಂದ್ಯಕ್ಕೇ ಇಳಿಯಲಿಲ್ಲ. ಬದಲಿಗೆ ಬಂದ ಕೋಲಿ ಓಬ್ರಿಯನ್‌ಗೆ ಮಧುಮೇಹ. 10-0ರಿಂದ ಹಿಂದೆ ಬಿದ್ದ ತಂಡವನ್ನು ಈ ಹುಡುಗ 10-10ಕ್ಕೆ ತಂದ. ಕೊನೆಯಲ್ಲಿ ಒಂದು ನಿಮಿಷದ ಮೇಲೆ ಸ್ವಲ್ಪ ಸಮಯ ಇತ್ತು, ಚೆಂಡು ತಮ್ಮದೇ 30 ಗಜದ ಗೆರೆಯಲ್ಲಿ. ಗೆಲ್ಲಲು ಪಾಸ್ ಎಸೆಯಬೇಕು. ಎಸೆದರೆ ಎದುರಾಳಿಯ ಕೈಗೆ ಹೋಗುವ ಅಪಾಯವೂ ಇದೆ. ಕೋಚ್ ಆರಾ ಪಾರ್ಸೀಗಿಯನ್ ಚೆಂಡು ಹಿಡಿದು ಓಡಿಸಿ ಸಮಯ ಮುಗಿಸಿದರು. ಪಂದ್ಯ ಡ್ರಾ.

ಬೈಗುಳದ ಮಳೆ ಸುರಿಯಿತು. ಅದು ದಶಕಗಳ ಕಾಲ ಅವರ ಬೆನ್ನು ಬಿಡಲಿಲ್ಲ. ಆದರೆ ಮುಂದಿನ ವಾರ ನೋಟರ್ ಡೇಮ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು 51-0ರಲ್ಲಿ ಸೋಲಿಸಿತು. ಎರಡು ದೊಡ್ಡ ಸಮೀಕ್ಷೆಗಳಲ್ಲೂ ಅದೇ ರಾಷ್ಟ್ರೀಯ ಚಾಂಪಿಯನ್ ಆಯಿತು.

ಪಾರ್ಸೀಗಿಯನ್ ಅವರ ಎಚ್ಚರಿಕೆಗೆ ಆ ಕಾಲದ ವ್ಯವಸ್ಥೆಯೇ ಆಸರೆ ಕೊಟ್ಟಿತ್ತು. ಆಗ ಪ್ಲೇಆಫ್ ಇರಲಿಲ್ಲ, ಹೆಚ್ಚುವರಿ ಸಮಯ ಇರಲಿಲ್ಲ. ಪತ್ರಕರ್ತರು ಮತ್ತು ಕೋಚ್‌ಗಳು ಮತ ಹಾಕಿ ಚಾಂಪಿಯನ್ ಆರಿಸುತ್ತಿದ್ದರು. ನಂಬರ್ ಒನ್ ತಂಡ ಡ್ರಾ ಮಾಡಿಕೊಂಡರೆ ನಂಬರ್ ಒನ್ ಆಗಿಯೇ ಉಳಿಯಬಹುದಿತ್ತು.

ಇದೇ ವ್ಯವಸ್ಥೆಯಲ್ಲಿ ಉಲ್ಟಾ ನಡೆದವರು ನೆಬ್ರಾಸ್ಕಾದ ಟಾಮ್ ಓಸ್ಬೋರ್ನ್. ಜನವರಿ 2, 1984, ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ಪಂದ್ಯ. ಮಯಾಮಿ 31, ನೆಬ್ರಾಸ್ಕಾ 30, ಒಂದು ನಿಮಿಷಕ್ಕೂ ಕಡಿಮೆ ಸಮಯ. ಒಂದು ಅಂಕದ ಸುಲಭ ಕಿಕ್ ಮಾಡಿದ್ದರೆ ಡ್ರಾ, ಅಜೇಯರಾಗಿದ್ದ ಅವರಿಗೆ ಬಹುಶಃ ಪ್ರಶಸ್ತಿ. ಅವರು ಎರಡು ಅಂಕಕ್ಕೆ ಹೋದರು. ಮಯಾಮಿಯ ಕೆನ್ ಕ್ಯಾಲ್‌ಹೌನ್ ಬೆರಳು ತಾಗಿ ಪಾಸ್ ಕೆಟ್ಟಿತು. ಪ್ರಶಸ್ತಿ ಮಯಾಮಿಗೆ. ಓಸ್ಬೋರ್ನ್‌ಗೆ ಮಾತ್ರ ಇಡೀ ದೇಶದ ಗೌರವ ಸಿಕ್ಕಿತು. ಮೊದಲ ಪ್ರಶಸ್ತಿಗೆ ಅವರು 1994ರ ಸೀಸನ್‌ವರೆಗೆ ಕಾಯಬೇಕಾಯಿತು.

ನಮ್ಮಲ್ಲೂ ಇಂಥದೊಂದು ನಡೆದಿದೆ. ಜುಲೈ 2011, ವೆಸ್ಟ್ ಇಂಡೀಸ್‌ನ ಡೊಮಿನಿಕಾ ಟೆಸ್ಟ್. ಗೆಲ್ಲಲು 15 ಓವರ್‌ನಲ್ಲಿ 86 ರನ್ ಬೇಕು, ಏಳು ವಿಕೆಟ್ ಕೈಯಲ್ಲಿವೆ, ಕ್ರೀಸ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಮತ್ತು ಲಕ್ಷ್ಮಣ್. ಧೋನಿ ನೇತೃತ್ವದ ಭಾರತ ಕೈಕುಲುಕಿ ಡ್ರಾಗೆ ಒಪ್ಪಿತು. ಸರಣಿಯಲ್ಲಿ 1-0 ಮುಂದಿದ್ದೆವು, ಸರಣಿ ಸಿಕ್ಕಿತು. ಪ್ರಶ್ನೆ ಮಾತ್ರ ಉಳಿಯಿತು. ಅಲ್ಲೂ ಡ್ರಾ ಎಂಬ ಆಸರೆ ಇತ್ತು.

ಕಾಲೇಜು ಫುಟ್‌ಬಾಲ್‌ನಲ್ಲಿ ಆ ಆಸರೆ ಈಗ ಇಲ್ಲ. 1996ರ ಸೀಸನ್‌ನಿಂದ ಎಲ್ಲ ಪಂದ್ಯಕ್ಕೂ ಹೆಚ್ಚುವರಿ ಸಮಯ ಬಂತು, ಡ್ರಾ ಮಾಯವಾಯಿತು. ಹಾಗಾಗಿ ಪಾರ್ಸೀಗಿಯನ್ ಅವರನ್ನು ಫ್ರೀಮನ್ ಪಕ್ಕ ನಿಲ್ಲಿಸಿ "ಇದೇ ಕಾಲೇಜಿನ ಹಳೇ ಚಾಳಿ" ಎನ್ನುವುದು ಅನ್ಯಾಯ. ಒಬ್ಬರು ಕೈಯಲ್ಲಿದ್ದದ್ದನ್ನು ಉಳಿಸಿಕೊಳ್ಳಲು ಎಚ್ಚರಿಕೆ ವಹಿಸಿದರು. ಇನ್ನೊಬ್ಬರ ಕೈಯಲ್ಲಿ ಉಳಿಸಿಕೊಳ್ಳಲು ಏನೂ ಇರಲಿಲ್ಲ.

ಕೋಚ್‌ಗಳು ಯಾಕೆ ಹಿಂಜರಿಯುತ್ತಾರೆ

2006ರಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ವೃತ್ತಿಪರ ಫುಟ್‌ಬಾಲ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕನೇ ಡೌನ್‌ನಲ್ಲಿ ತಂಡಗಳು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕಿಕ್ ಮಾಡುತ್ತವೆ, ಮುನ್ನುಗ್ಗಿದ್ದರೆ ಗೆಲುವಿನ ಸಾಧ್ಯತೆ ಹೆಚ್ಚುತ್ತಿತ್ತು ಎಂದು ತೋರಿಸಿದರು. ಆಮೇಲೆ ನಿಧಾನವಾಗಿ ಗಾಳಿ ಬದಲಾಯಿತು. ಈಗ ಪಕ್ಕದ ಗೆರೆಯಲ್ಲಿ ನಿಂತ ಕೋಚ್‌ಗಳ ಹತ್ತಿರ ಯಾವ ಸ್ಥಿತಿಯಲ್ಲಿ ಏನು ಮಾಡಬೇಕು ಎಂದು ಬರೆದ ಹಾಳೆಗಳಿರುತ್ತವೆ.

ಹಾಳೆ ಇದ್ದರೂ ಹಿಂಜರಿಕೆ ಹೋಗಿಲ್ಲ. ಕಾರಣ ತಪ್ಪನ್ನು ಹೊರಿಸುವ ರೀತಿ. ರೂಢಿಯ ದಾರಿಯಲ್ಲಿ ಸೋತರೆ ಆಟಗಾರರು ಸೋತರು ಎನ್ನುತ್ತಾರೆ. ರೂಢಿ ಮುರಿದು ಸೋತರೆ ಕೋಚ್ ಸೋಲಿಸಿದ ಎನ್ನುತ್ತಾರೆ. ಅಕ್ಟೋಬರ್ 14, 2023ರಂದು ಆರೆಗನ್ ಕೋಚ್ ಡ್ಯಾನ್ ಲ್ಯಾನಿಂಗ್ ವಾಷಿಂಗ್ಟನ್ ವಿರುದ್ಧ ನಾಲ್ಕನೇ ಡೌನ್‌ನಲ್ಲಿ ಮತ್ತೆ ಮತ್ತೆ ಮುನ್ನುಗ್ಗಿದರು. ಕೊನೆಯ ಸಲ ಎರಡು ನಿಮಿಷದ ಆಸುಪಾಸು ಉಳಿದಿತ್ತು, ತಂಡ ಮುಂದಿತ್ತು. ಕೈಕೊಟ್ಟಿತು. 36-33ರಲ್ಲಿ ಸೋಲು. ಅವತ್ತು ಅಭಿಮಾನಿಗಳು ಕೇಳಿದ್ದು ಎಚ್ಚರಿಕೆಯನ್ನೇ.

ಕೆವಿನ್ ಕೆಲ್ಲಿ ಎಂಬ ಕೋಚ್ ಆರ್ಕನ್ಸಾದ ಒಂದು ಶಾಲಾ ತಂಡದಲ್ಲಿ ಪಂಟ್ ಮಾಡುವುದನ್ನೇ ಹೆಚ್ಚುಕಮ್ಮಿ ಬಿಟ್ಟು ಹೆಸರು ಮಾಡಿದ್ದರು. 2021ರಲ್ಲಿ ಪ್ರೆಸ್ಬಿಟೀರಿಯನ್ ಕಾಲೇಜಿಗೆ ಬಂದರು. 2 ಗೆಲುವು, 9 ಸೋಲು. ಒಂದೇ ಸೀಸನ್‌ಗೆ ಮುಗಿಯಿತು. ಲೆಕ್ಕ ಸರಿ ಇದ್ದರೆ ಸಾಲದು, ಅದನ್ನು ನಡೆಸಿಕೊಡುವ ಆಟಗಾರರೂ ಬೇಕು.

ಇದರ ಹಿಂದೆ ದುಡ್ಡಿನ ಭಾರವೂ ಇದೆ. ಜುಲೈ 2025ರಿಂದ ಕಾಲೇಜುಗಳು ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್. ಅದೇ ಅಕ್ಟೋಬರ್‌ನಲ್ಲಿ ಪೆನ್ ಸ್ಟೇಟ್ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆಯಿತು. ಕೆಲವೇ ದಿನಗಳಲ್ಲಿ ಲೂಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯ ತನ್ನ ಕೋಚ್ ಬ್ರಯನ್ ಕೆಲ್ಲಿ ಅವರನ್ನು ತೆಗೆಯಿತು. ನೋಟರ್ ಡೇಮ್‌ನಲ್ಲಿ ಫ್ರೀಮನ್‌ಗಿಂತ ಮುಂಚೆ ಇದ್ದ ಕೋಚ್ ಈ ಕೆಲ್ಲಿಯೇ. ಇಷ್ಟು ಹಣ ಹಾಕಿದವರು ತಾಳ್ಮೆಯಿಂದ ಕಾಯುವುದಿಲ್ಲ. ಕೋಚ್ ಮೇಲೆ ಒತ್ತಡ ಹೆಚ್ಚಿದಷ್ಟೂ, ಸೋತರೂ ಬೈಸಿಕೊಳ್ಳದ ದಾರಿ ಹುಡುಕುವ ಆಸೆ ಹೆಚ್ಚುತ್ತದೆ. ಎಚ್ಚರಿಕೆಯ ಆಟ ನೋಡಿ ಸಿಟ್ಟಾಗುವ ಅಭಿಮಾನಿಗಳು, ಆ ಎಚ್ಚರಿಕೆಯನ್ನು ಹುಟ್ಟಿಸುವುದರಲ್ಲಿ ತಮ್ಮ ಸಿಟ್ಟಿಗೂ ಪಾಲಿದೆ ಎಂಬುದನ್ನು ಗಮನಿಸಬೇಕು.

ಒಂದು ಅಂಕದ ಬೆಲೆ

2024ರಲ್ಲಿ ಪ್ಲೇಆಫ್ 12 ತಂಡಕ್ಕೆ ಹಿಗ್ಗಿತು. ಇದರಿಂದ ಸೀಸನ್ ನಡುವಿನ ಒಂದು ಸೋಲನ್ನು ತಡೆದುಕೊಳ್ಳಬಹುದು. ಆ ವರ್ಷ ನೋಟರ್ ಡೇಮ್ ತವರಿನಲ್ಲೇ ನಾರ್ದರ್ನ್ ಇಲಿನಾಯ್ ವಿರುದ್ಧ 16-14ರಲ್ಲಿ ಸೋತೂ ಫೈನಲ್ ತಲುಪಿತು. ಆದರೆ ಎರಡು ಸೋಲು ಆದರೆ ಕಥೆಯೇ ಬೇರೆ.

ಸೆಪ್ಟೆಂಬರ್ 13, 2025. ಟೆಕ್ಸಸ್ ಎ ಅಂಡ್ ಎಂ ವಿರುದ್ಧ ನೋಟರ್ ಡೇಮ್ ಕೊನೆಯ ಹೊತ್ತಿನಲ್ಲಿ ಟಚ್‌ಡೌನ್ ಹೊಡೆದು 40-34 ಮುಂದೆ ಹೋಯಿತು. ಬಹುತೇಕ ಗ್ಯಾರಂಟಿ ಎಂದೆವಲ್ಲ, ಆ ಒಂದು ಅಂಕದ ಕಿಕ್? ಅದಕ್ಕೆ ಚೆಂಡನ್ನು ಹಿಡಿದು ನಿಲ್ಲಿಸುವಾಗಲೇ ಎಡವಟ್ಟಾಯಿತು. ಆ ಅಂಕ ಸಿಗಲಿಲ್ಲ. ಆಮೇಲೆ ಎದುರಾಳಿ ನುಗ್ಗಿ ಬಂದರು. 13 ಸೆಕೆಂಡ್ ಉಳಿದಾಗ ಅವರಿಗೆ ನಾಲ್ಕನೇ ಡೌನ್, ಗೆರೆಗೆ 11 ಗಜ. ಅವರಿಗೆ ಕಿಕ್‌ನ ಆಯ್ಕೆಯೇ ಇರಲಿಲ್ಲ. ಎಸೆದರು, ಟಚ್‌ಡೌನ್. 41-40. ಅದಕ್ಕೂ ಮುಂಚಿನ ಪಂದ್ಯದಲ್ಲಿ ನೋಟರ್ ಡೇಮ್‌ನವರು ಮಯಾಮಿ ವಿರುದ್ಧ ಮೂರು ಅಂಕದಿಂದ ಸೋತಿದ್ದರು. ಆಮೇಲಿನ ಹತ್ತೂ ಪಂದ್ಯ ಗೆದ್ದರೂ ಡಿಸೆಂಬರ್‌ನಲ್ಲಿ ಪ್ಲೇಆಫ್‌ನಿಂದ ಹೊರಗುಳಿದರು.

ಅಟ್ಲಾಂಟಾದಲ್ಲಿ 9 ಗಜಕ್ಕೆ ಮುನ್ನುಗ್ಗಬೇಕಿತ್ತು ಎನ್ನುವವರು ಈಗ ಆ 11 ಗಜವನ್ನು ತೋರಿಸುತ್ತಾರೆ. ಒಂದು ಉದಾಹರಣೆಯಿಂದ ಸಾಧ್ಯತೆ ಬದಲಾಗುವುದಿಲ್ಲ, ಆದರೆ ಮನಸ್ಸಿನಲ್ಲಿ ಉಳಿಯುವುದು ಉದಾಹರಣೆಯೇ. ಮುಂದಿನ ಸಲ ಇಂಥ ಘಳಿಗೆ ಬಂದಾಗ ಆ ಸದ್ದು ಫ್ರೀಮನ್ ಕಿವಿಗೂ ಬೀಳುತ್ತದೆ.

ಮೂರನೇ ಡೌನ್, 11 ಗಜ

ಫೈನಲ್‌ನ ಇನ್ನೊಂದು ನಿರ್ಧಾರದ ಬಗ್ಗೆ ಇಷ್ಟು ಚರ್ಚೆ ನಡೆಯಲಿಲ್ಲ. ಅದನ್ನೂ ನೋಡಲೇಬೇಕು.

31-23. ಮೂರು ನಿಮಿಷಕ್ಕೂ ಕಡಿಮೆ ಬಾಕಿ. ಚೆಂಡು ಒಹಾಯೋ ಸ್ಟೇಟ್ ಕೈಯಲ್ಲಿ. ಮೂರನೇ ಡೌನ್, ಇನ್ನೂ 11 ಗಜ ಬೇಕು. ರೂಢಿಯ ದಾರಿ ಏನು? ಚೆಂಡು ಹಿಡಿದು ಓಡು, ಗಡಿಯಾರ ಓಡಲಿ, ಆಮೇಲೆ ಪಂಟ್ ಮಾಡಿ ದೂರ ಕಳಿಸು. ಹಾಗೆ ಮಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಫ್ರೀಮನ್ ನಂಬಿದ್ದ ಆ ಎರಡನೇ ಸರದಿ ನೋಟರ್ ಡೇಮ್‌ಗೆ ಸಿಗುತ್ತಿತ್ತು.

ಒಹಾಯೋ ಸ್ಟೇಟ್ ಕೋಚ್ ರಯನ್ ಡೇ ಬೈಗುಳದ ರುಚಿ ಗೊತ್ತಿದ್ದವರು. ಎರಡು ತಿಂಗಳೂ ಆಗಿರಲಿಲ್ಲ, ಮಿಷಿಗನ್ ವಿರುದ್ಧ ತವರಿನಲ್ಲಿ 13-10ರಲ್ಲಿ ಸೋತು, ತೀರಾ ಎಚ್ಚರಿಕೆಯ ಆಟ ಆಡಿದರೆಂದು ಸಿಕ್ಕಾಪಟ್ಟೆ ಬೈಸಿಕೊಂಡಿದ್ದರು. ಈ ಸಲ ಅವರ ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಓಡಲಿಲ್ಲ. ಹಿಂದೆ ಸರಿದು, ಅಂಚಿನಲ್ಲಿ ಓಡುತ್ತಿದ್ದ ಮೊದಲ ವರ್ಷದ ಹುಡುಗ ಜೆರೆಮಾಯಾ ಸ್ಮಿತ್‌ಗೆ ಉದ್ದಕ್ಕೆ ಎಸೆದ. ಸ್ಮಿತ್ ಹಿಡಿದ. ಐವತ್ತು ಗಜಕ್ಕೂ ಮೇಲೆ.

ಪಾಸ್ ತಪ್ಪಿದ್ದರೆ ಗಡಿಯಾರ ನಿಲ್ಲುತ್ತಿತ್ತು, ಎದುರಾಳಿಗೆ ಸಮಯ ಉಳಿಯುತ್ತಿತ್ತು. ಡೇ ಅವರನ್ನು ಮೂರ್ಖ ಎನ್ನುತ್ತಿದ್ದರು. ಆದರೆ ಆ ಹೊತ್ತಿನಲ್ಲಿ ಮೈದಾನದಲ್ಲಿ ಎಲ್ಲಕ್ಕಿಂತ ಬೆಲೆ ಬಾಳುತ್ತಿದ್ದದ್ದು ನೋಟರ್ ಡೇಮ್‌ನ ಇನ್ನೊಂದು ಸರದಿ. ಆ ಒಂದು ಎಸೆತ ಅದನ್ನು ಇಲ್ಲವಾಗಿಸಿತು. ನೋಟರ್ ಡೇಮ್‌ಗೆ ಮತ್ತೆ ಚೆಂಡು ಸಿಕ್ಕಾಗ 26 ಸೆಕೆಂಡ್ ಉಳಿದಿತ್ತು, ಹಿಂದೆ ಇದ್ದ ಅಂಕ 11.